ಬಚ್ಚಲಿನ ತಪ್ಪಿಗೆ ಬಚ್ಚಲಿನಷ್ಟೇ ಶಿಕ್ಷೆ

ಉಮಾಬಾಯಿ ಯಡ್ರಾಮಿಯ ಮಗಳು, ಅಫಜಲಪುರದ ಸೊಸೆ. ಅವಳು ನರ್ಸ್ ಕೆಲಸಕ್ಕೆ ಸೇರಿದಾಗ ಕಂಡಕಂಡವರ ಮೈ ಮುಟ್ಟುತ್ತಾಳೆಂದು ಮೂಗು ಮುರಿದ ನೆಂಟರೇ ಮುಂದೆ ಜ್ವರ ಬಂದಾಗ ಅವಳೆದುರು ತೋಳು ಚಾಚಿ ಕುಳಿತರು. ಅದನ್ನು ನೆನೆದು ಅವಳು ಹೊಟ್ಟೆ ತುಂಬ ನಗುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಊರಂಚಿನಲ್ಲಿ ಖಾಲಿ ಬಿದ್ದಿದ್ದ ಹತ್ತಿ ಗೋದಾಮನ್ನು ಹಿಡಿದು, ದಿಕ್ಕಿಲ್ಲದ ಮುದುಕರಿಗೆ ಆಶ್ರಮ ಮಾಡಿದಳು. ಎಂಬತ್ತರ ದಶಕದ ನಡುವಿಗೆ ಅದಕ್ಕೆ ಸರ್ಕಾರದ ಮಾನ್ಯತೆಯೂ ಸಿಕ್ಕಿತ್ತು. ಮಾನ್ಯತೆ ಬಂದಲ್ಲಿ ತಪಾಸಣೆ ಬರದೆ ಇರುತ್ತದೆಯೇ?

ತಪಾಸಣೆಯವನು ಬಂದ ದಿನ ಅವಳು ದಾವಲಸಾಬನೆಂಬ ಮುದುಕನ ಕಣ್ಣು ತೋರಿಸಲು ಗುಲ್ಬರ್ಗಾಕ್ಕೆ ಹೋಗಿದ್ದಳು. ಬಂದವನು ಮೈಸೂರು ಕಡೆಯ ಎಳೆಯ ಅಧಿಕಾರಿ. ಮಧ್ಯಾಹ್ನ ಇಳಿಯುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ನಿಂಬೆವ್ವನನ್ನು ಕೇಳಿದ: "ಅಜ್ಜಿ, ಊಟ ಆಯ್ತಾ?"

ನಿಂಬೆವ್ವ ಆಗಷ್ಟೇ ಉಂಡು ತಾಟು ತೊಳೆದಿಟ್ಟಿದ್ದಳು. ಆದರೂ, "ಇನ್ನಾ ಇಲ್ರಿ ಯಪ್ಪಾ. ಬರ್ರಿ, ಕೂಡಿ ಉಣ್ಣೂನು" ಎಂದಳು. ಉಳಿದವರೂ ಅದನ್ನೇ ಹೇಳಿದರು. ಬಿಸಿಲಲ್ಲಿ ಬಂದವನ ಮುಂದೆ "ನಮ್ಮದಾಯಿತು" ಎಂದರೆ ಎದ್ದು ಹೋಗೆಂದ ಹಾಗೆ. ಆ ಸೀಮೆಯಲ್ಲಿ ಹುಟ್ಟಿದವರ ಬಾಯಲ್ಲಿ ಆ ಮಾತು ಬರುವುದಿಲ್ಲ. ಅಧಿಕಾರಿ ಒಳಗೆ ಹೋಗಿ ನೋಡಿದ. ಒಲೆ ತಣ್ಣಗಿತ್ತು, ಬಚ್ಚಲಿನ ಕಲ್ಲು ಬಿರುಕು ಬಿಟ್ಟು ಪಾಚಿಗಟ್ಟಿತ್ತು. ಮುದುಕರಿಗೆ ಊಟವಿಲ್ಲ, ಬಚ್ಚಲು ಕೆಟ್ಟಿದೆ; ಆಶ್ರಮ ಮುಚ್ಚಬೇಕು, ಮುದುಕರನ್ನು ಸಂಬಂಧಿಕರಿಗೆ ಒಪ್ಪಿಸಬೇಕು ಎಂದು ನೋಟಿಸು ಬಂತು. ಸಂಬಂಧಿಕರಿದ್ದರೆ ಅವರು ಇಲ್ಲಿಗೇಕೆ ಬರುತ್ತಿದ್ದರು?

ನಿಂಬೆವ್ವ ಅನ್ನ ಬಿಟ್ಟು ಮೂಲೆ ಹಿಡಿದಳು. "ನನ್ನ ಬಾಯಿಂದ ಎಲ್ಲಾರ ತಲಿ ಮ್ಯಾಲಿನ ನೆಳ್ಳ ಹೋತಲ್ರಿ ಬಾಯಾರ" ಎಂದು ಅತ್ತಳು. ಆಶ್ರಮದ ಕಮಿಟಿಯ ಪಾಂಡುರಂಗರಾಯರು ಮೆಲ್ಲಗೆ, "ಕೈಕಾಲು ಹಿಡದು ಮಾಫಿ ಕೇಳೂಣ್ರಿ" ಎಂದರು.

"ಮಾಡಿದ ತಪ್ಪಿಗೆ ಕೇಳ್ತೇನಿ. ಮಾಡಲಾರದ್ದಕ್ಕ ಯಾಕ ಕೇಳ್ಲಿ?" ಎಂದ ಉಮಾಬಾಯಿ, ಬುತ್ತಿ ಕಟ್ಟಿಕೊಂಡು ನಿಂಬೆವ್ವನನ್ನು ಕರೆದುಕೊಂಡು ಗುಲ್ಬರ್ಗಾದ ಬಸ್ಸು ಹತ್ತಿದಳು.

ನೋಟಿಸು ಕಳಿಸಿದ್ದ ಕಚೇರಿಯ ಪಡಸಾಲೆಯಲ್ಲಿ, ಹಿರಿಯ ಸಾಹೇಬರ ಕೋಣೆಯ ತೆರೆದ ಬಾಗಿಲಿಗೆ ನೇರವಾಗಿ ಕೂತು, ಮುದುಕಿಗೆ ಒತ್ತಾಯ ಮಾಡಿ ರೊಟ್ಟಿ, ಪುಂಡಿಪಲ್ಯ ಉಣ್ಣಿಸಿದಳು. ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತಲೇ ಇದ್ದರು. ಒಳಗೆ ಕರೆದಾಗ ಎಳೆಯ ಅಧಿಕಾರಿಯೂ ಅಲ್ಲೇ ನಿಂತಿದ್ದ.

"ಈಗ ಕೇಳ್ರಿ ಈಕಿಗೆ, ಊಟ ಆತೇನಂತ" ಎಂದಳು ಉಮಾಬಾಯಿ.

ಸಾಹೇಬರು ಅದೇ ಸೀಮೆಯ ಜೇವರ್ಗಿ ಕಡೆಯವರು. ನಗು ತಡೆದುಕೊಂಡು ಕೇಳಿದರು.

ನಿಂಬೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇಲ್ರಿ ಯಪ್ಪಾ. ಗಂಟಿನ್ಯಾಗ ಇನ್ನಾ ರೊಟ್ಟಿ ಅದಾವ, ಬರ್ರಿ, ನೀವೂ ಉಣ್ರಿ" ಎಂದಳು. ಎಳೆಯವನ ಮುಖ ಕೆಂಪಾಯಿತು.

"ಆಯ್ತು ಬಾಯಾರ, ನೋಟಿಸು ಪೂರಾ ರದ್ದು ಮಾಡ್ತೇನಿ" ಎಂದರು ಸಾಹೇಬರು.

ಬೇರೆಯವರಾಗಿದ್ದರೆ ಕೈಮುಗಿದು ಹೊರಡುತ್ತಿದ್ದರು. ಉಮಾಬಾಯಿ ಕದಲಲಿಲ್ಲ. "ಪೂರಾ ಬ್ಯಾಡ್ರಿ. ಬಚ್ಚಲದಾಗ ಪಾಚಿ ಇದ್ದದ್ದು ಖರೆ. ಮುದುಕರು ಜಾರಿ ಬಿದ್ರ ನಾನ ಹೊಣಿ. ಈ ಹುಡುಗ ಅದನ್ನ ಬರದದ್ದು ಸರಿ ಅದ. ಅದರ ದಂಡ ನನಗ ಹಾಕ್ರಿ, ಕಲ್ಲು ಹಾಸಸ್ತೇನಿ. ಆದ್ರ ಬಚ್ಚಲದ ತಪ್ಪಿಗೆ ಮನಿ ಬಾಗಲಾ ಹಾಕಬ್ಯಾಡ್ರಿ. ನಾ ತಪ್ಪಿದ್ರ ನನ್ನ ಹಿಡೀರಿ. ಇವರನ್ಯಾಕ ಬೀದಿಗಿ ಹಾಕ್ತೀರಿ?"

ಹೊಸ ಆದೇಶ ಹಾಗೆಯೇ ಆಯಿತು: ದಂಡ ನಡೆಸುವವರಿಗೆ, ರಿಪೇರಿ ಬಚ್ಚಲಿಗೆ, ಇರುವವರು ಇದ್ದಲ್ಲೇ. ಎಳೆಯ ಅಧಿಕಾರಿ ತಾನೇ ಅದನ್ನು ಬರೆದ.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಂಬೆವ್ವ ಅಂಜುತ್ತ ಕೇಳಿದಳು: "ಬಾಯಾರ, ಮತ್ತ ಅಂಥಾ ಸಾಹೇಬರು ಬಂದ್ರ ಏನ್ ಹೇಳ್ಲಿ? ಉಂಡೇನಿ ಅಂತ ಹೇಳ್ಲೇನು?"

ಉಮಾಬಾಯಿ ಅವಳ ಒರಟು ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

"ಬ್ಯಾಡ ಬೇ. ಬಂದವರಿಗೆ ಉಣ್ಣಾಕ ಕರಿ. ತಾಟು ನಾ ಇಡ್ತೇನಿ."