ಫರ್ಸಿ ತಿಕ್ಕಿದ ಕೈ

"ಮುಖ ತೊಳೆಯದವರಿಗೆ, ಕರಿದದ್ದು ತಿನ್ನುವವರಿಗೆ ಮೊಡವೆ ಏಳುತ್ತವೆ." ವಾಡಿಯ ನಮ್ಮ ಓಣಿಯಲ್ಲಿ ಇದನ್ನು ಪ್ರಶ್ನಿಸಿದವರಿಲ್ಲ. ಸನ್ನತಿಯ ಹಳೆಯ ಶಾಸನದ ಕಲ್ಲುಗಳ ಬಗ್ಗೆ ಯಾರು ಏನು ಹೇಳಿದರೂ ಪುರಾವೆ ಕೇಳುವ ನಾನು, ಈ ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ.

ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿಕಲ್ಲಿಗೆ ಆಯುಷ್ಯವಿಡೀ ಪಾಲಿಶ್ ಮಾಡಿದ ಕೈ ನನ್ನದು. ನೀರು ಚಿಮುಕಿಸುತ್ತ ಸಾಣೆಕಲ್ಲಿನ ತುಂಡಿನಿಂದ ತಿಕ್ಕಿದರೆ ಎಂಥ ಒರಟು ಕಲ್ಲೂ ನುಣುಪಾಗುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗಳ ಕೆನ್ನೆಯ ತುಂಬ ಮೊಡವೆ ಎದ್ದಾಗ, ಸವೆದ ಅದೇ ತುಂಡನ್ನು ಕೈಗೆತ್ತಿಕೊಂಡೆ.

"ಅಜ್ಜಾ, ಭಾಳ ಉರಿಲಿಕತ್ತದ."

"ತಡಿಯವ್ವಾ, ಹೊಲಸು ಹೋಗಲಿಕತ್ತದ."

ಒಂದು ವಾರ ತಿಕ್ಕಿದೆ. ಕೆನ್ನೆ ಕೀವು ತುಂಬಿ ಬಾತುಕೊಂಡಿತು.

ಸೇಡಂನ ಚರ್ಮವೈದ್ಯೆ ಅವಳ ಗಲ್ಲ ಎತ್ತಿ ಕೇಳಿದರು: "ಯಾರ್ರಿ ಹಿಂಗ ತಿಕ್ಕಿದವ್ರು? ಇದು ಮಾರಿ ಅದ್ರಿ, ಫರ್ಸಿ ಅಲ್ಲ."

ಮೊಮ್ಮಗಳು ನೆಲ ನೋಡುತ್ತ, "ನಾನೇ ತಿಕ್ಕೊಂಡೀನ್ರಿ" ಎಂದಳು. ವೈದ್ಯೆ ಚೀಟಿಯಲ್ಲಿ ಹಾಗೆಯೇ ಬರೆದರು. ನಾನು ಆ ಚೀಟಿ ಮಡಿಚಿ ಜೇಬಿಗಿಟ್ಟುಕೊಂಡೆ. ಮರಳುವ ರೈಲಿನಲ್ಲಿ ಚಿತ್ತಾಪುರ ದಾಟಿದರೂ ಅವಳ ಮುಖ ನೋಡಲಾಗಲಿಲ್ಲ.

ಆಮೇಲೆ ಹಟ ಹಿಡಿದು ಓದಿದೆ. ಹರೆಯದ ಹಾರ್ಮೋನು ಚರ್ಮದೊಳಗಿನ ಎಣ್ಣೆಯ ಗ್ರಂಥಿಗೆ ಹೆಚ್ಚು ಎಣ್ಣೆ ಸುರಿಸಲು ಆಜ್ಞೆ ಕೊಡುತ್ತದೆ. ರಂಧ್ರದ ಜೀವಕೋಶಗಳು ಉದುರದೆ ಅಂಟಿಕೊಂಡು ಅದರ ಬಾಯಿ ಮುಚ್ಚುತ್ತವೆ. ಎಲ್ಲರ ಚರ್ಮದಲ್ಲೂ ಇರುವ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ. ದೇಹದ ಕಾವಲು ಕೋಶಗಳು ಹೊರಡಿಸುವ ಸಂಕೇತದ ಪ್ರೋಟೀನುಗಳಿಂದಲೇ ಕೆಂಪು, ಊತ, ನೋವು. ಆ ಸಂಕೇತವನ್ನು ತಡೆಯುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ; ಹಾರ್ಮೋನು ಬಂದು ಕೂರುವ ಜಾಗವನ್ನೇ ಮುಚ್ಚುವ ಮುಲಾಮೂ ಬಂದಿದೆಯಂತೆ. ಇದೆಲ್ಲದರಲ್ಲಿ ಹೊಲಸಿಗೆ ಎಲ್ಲಿಯೂ ಪಾತ್ರವಿರಲಿಲ್ಲ. ನನ್ನ ಕಲ್ಲು ಊತದ ಮೇಲೆ ಊತ ಕೂಡಿಸಿತ್ತು, ಅಷ್ಟೇ.

ಮೊಡವೆಯ ಬಗೆಗಿನ ಸುಳ್ಳು ಊರಿನದು. ಚೀಟಿಯಲ್ಲಿದ್ದ ಸುಳ್ಳು ನನ್ನದು. ಮುಂದಿನ ಸಲ ಹೋದಾಗ ಆ ಚೀಟಿಯನ್ನು ವೈದ್ಯೆಯ ಮೇಜಿನ ಮೇಲಿಟ್ಟೆ.

"ಡಾಕ್ಟರಮ್ಮಾ, ಇದು ತಪ್ಪದರಿ. ತಿಕ್ಕಿದವ ನಾನು. ಎಲ್ಲಾರೂ ಓದುವಂಗ ಕನ್ನಡದಾಗ ತಿದ್ದಿ ಬರೀರಿ."

ಮೊಮ್ಮಗಳು ಬೆರಗಾಗಿ ತಿರುಗಿದಳು. "ಈಗ ಬಾಯಿ ಬಂತೇನು ಅಜ್ಜಾ?" ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬಾತ ಕೆನ್ನೆಯಲ್ಲಿ ತಿಳಿಯಲಿಲ್ಲ.

ಅವಳ ಎಡಗೆನ್ನೆಯಲ್ಲಿ ಮೂರು ಕುಳಿಗಳು ಉಳಿದಿವೆ. ಚೀಟಿ ನಮ್ಮ ಪಡಸಾಲೆಯ ಕನ್ನಡಿಗೆ ಸಿಕ್ಕಿಸಿದೆ, ಹಳೆಯ ಸಾಲಿನ ಮೇಲೆ ಗೀಟು, ಅದರ ಕೆಳಗೆ ವೈದ್ಯೆಯ ಅಕ್ಷರ: "ಅಜ್ಜ ಕಲ್ಲಿನಿಂದ ತಿಕ್ಕಿದ್ದು." ಬಂದವರು ಯಾರಾದರೂ ಓದಬಹುದು.