ಎಂಟೆತ್ತಿನ ಲೆಕ್ಕ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಕಡೆ ಮಕ್ಕಳ ಕೈಗೆ ಪುಸ್ತಕ ಕೊಡುವುದು ದಂಡ. ಯಾವ ಹೊಲದ ಮಣ್ಣು ಚೆನ್ನಾಗಿ ಅಂಟುತ್ತದೆ, ಯಾವುದು ಒಣಗಿದ ಮೇಲೆ ಬಿರಿಯುತ್ತದೆ, ಅದರಲ್ಲೇ ಅವರ ಜೀವ. ಆಗ ನಾನು ಕೆಂಭಾವಿ ಕಡೆಯ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ತರಗತಿಯಲ್ಲಿ ಇದ್ದದ್ದೇ ಎಂಟು ಹುಡುಗಿಯರು. ರಂಗಂಪೇಟೆಯಿಂದ ದಿನಾ ಬಸ್ಸಿಗೆ ಹೋಗಬೇಕು, ಬಸ್ಸು ತಡವಾದ ದಿನ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಂಥ ಒಂದು ಬೆಳಿಗ್ಗೆ, ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆದೂ ಬರೆದೂ ಸಾಕಾಗಿ ಸುಣ್ಣದ ಕಡ್ಡಿ ಕೆಳಗಿಟ್ಟೆ.

"ಹೋಗ್ರಿ, ಮಣ್ಣು ತಗೊಂಡು ಬರ್ರಿ. ಎತ್ತು ಮಾಡೂಣು."

ಹೇಳಿ ಮುಗಿಸುವುದರೊಳಗೆ ತರಗತಿ ಖಾಲಿ. ಮಣ್ಣು ಬಂತು, ನೀರು ಬಂತು, ಯಾರದೋ ಮನೆಯಿಂದ ಕಣ್ಣಿಗೆ ಇಡಲು ಕುಸುಬಿ ಕಾಳೂ ಬಂತು. ಇಬ್ಬಿಬ್ಬರು ಕೂಡಿ ಒಂದೊಂದು ಜೋಡಿ ಮಾಡಿದರು. ನನ್ನ ಎತ್ತು ಹಂದಿಯ ಹಾಗಾಯಿತೆಂದು ಅವರೆಲ್ಲ ಬಿದ್ದು ಬಿದ್ದು ನಕ್ಕಾಗ ಅದನ್ನು ಮತ್ತೆ ಮುದ್ದೆ ಮಾಡಿ ಬದಿಗಿಟ್ಟೆ.

ಅವರಲ್ಲಿ ಒಬ್ಬಳ ಮೇಲೆ ಹೆಡ್ಮಾಸ್ತರರ ಕಣ್ಣಿತ್ತು. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಳೆ, ಒಂದನೇ ತರಗತಿಯಲ್ಲಿ ಕೂಡಿಸೋಣ ಎಂದು ಅವರು ಆಗಲೇ ಎರಡು ಸಲ ಹೇಳಿದ್ದರು. ಅದು ಆ ಹುಡುಗಿಗೂ ಗೊತ್ತಿತ್ತು. ಪಕ್ಕದ ಮನೆಯ ಗೆಳತಿಯನ್ನು ಬಿಟ್ಟು ಆಕೆ ನೀರು ಕುಡಿಯಲೂ ಹೋಗುವವಳಲ್ಲ. ಹೆಡ್ಮಾಸ್ತರರು ಬಾಗಿಲಲ್ಲಿ ಕಂಡರೆ ಸಾಕು, ಗೆಳತಿಯ ಲಂಗದ ಚುಂಗು ಹಿಡಿದುಕೊಳ್ಳುತ್ತಿದ್ದಳು.

ಎಂಟೂ ಎತ್ತುಗಳನ್ನು ಜೋಡಿ ಜೋಡಿಯಾಗಿ ಸಾಲಿಗೆ ನಿಲ್ಲಿಸಿದೆವು. ಹೆಡ್ಮಾಸ್ತರರು ಬಾಗಿಲಿಗೆ ಬಂದದ್ದು ಆಗಲೇ. ನಾನು ಒಂದು ಎತ್ತನ್ನು ತೆಗೆದು ಮೇಜಿನ ಮೇಲಿಟ್ಟು ಆ ಹುಡುಗಿಯನ್ನೇ ಕೇಳಿದೆ.

"ಎಂಟೆತ್ತಿನಾಗ ಒಂದು ಹ್ವಾದ್ರ ಎಷ್ಟು ಉಳೀತಾವವ್ವಾ?"

"ಆರ್ರೀ."

ಹೆಡ್ಮಾಸ್ತರರು ನನ್ನ ಮುಖ ನೋಡಿದರು. ನನಗೆ ಅವಮಾನವೂ ಆಯಿತು, ಹಟವೂ ಬಂತು.

"ಆರು ಹ್ಯಾಂಗ? ಮಾಡಿ ತೋರ್ಸು."

ಆಕೆ ಎದ್ದು ಬಂದಳು. ಸಾಲಿನಲ್ಲಿ ಒಂಟಿಯಾಗಿ ನಿಂತಿದ್ದ ಎತ್ತನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ, ನಾನು ಇಟ್ಟಿದ್ದರ ಪಕ್ಕಕ್ಕೆ ಇಟ್ಟಳು.

"ಜೋಡಿ ಹ್ವಾದ ಮ್ಯಾಲ ಇದೊಂದs ಏನ್ ಮಾಡ್ತದ್ರಿ ಟೀಚರ್? ನಮ್ಮ ಮನ್ಯಾಗ ಒಂದೆತ್ತು ಸತ್ತಿತು. ಇನ್ನೊಂದನ್ನ ನಮ್ಮಪ್ಪ ಸಂತ್ಯಾಗ ಮಾರಿ ಬಂದಾನ."

ನಾನು ಡಬ್ಬಿಯಿಂದ ಎಂಟು ಹುಣಸೆ ಬೀಜ ತೆಗೆದು ಹರವಿ, ಒಂದನ್ನು ಮುಚ್ಚಿ ಕೇಳಿದೆ. "ಏಳು" ಎಂದಳು, ಎಣಿಸದೆಯೇ.

"ಕೇಳಿದ್ರಾ ಸರ್?" ಎಂದೆ.

"ಕೇಳೀನ್ರಿ ಮೇಡಂ. ಪರೀಕ್ಷಾದಾಗ ಎತ್ತಿನ ಲೆಕ್ಕ ಬಂದ್ರ ಏನ್ ಮಾಡ್ತಾಳ? ಒಂದಷ್ಟು ದಿನ ಒಂದನೇ ಕ್ಲಾಸಿನಾಗ ಕುಂದ್ರಲಿ. ಪಾಯಾ ಗಟ್ಟಿ ಆಗ್ತದ."

ಅವರು ಕೆಟ್ಟವರೇನಲ್ಲ. ಶಾಲೆಯ ಮಕ್ಕಳ ಉಗುರನ್ನು ತಾವೇ ಕೂತು ಕತ್ತರಿಸುವ ಮನುಷ್ಯ. ಆದರೆ ಒಮ್ಮೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ. ಹುಡುಗಿಯ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಆಕೆ ಅಳಲಿಲ್ಲ. ತಿರುತಿರುಗಿ ನೋಡುತ್ತಾ ಹೋದಳು. ಅತ್ತುಬಿಟ್ಟಿದ್ದರೆ ನಾನಾದರೂ ಜಗಳ ತೆಗೆಯುತ್ತಿದ್ದೆನೇನೋ.

ಆಗ ಆಕೆಯ ಗೆಳತಿ ಎದ್ದಳು. ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ತನ್ನ ಚೀಲ ಒಂದು ಹೆಗಲಿಗೆ, ಆಕೆಯ ಚೀಲ ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ನನ್ನನ್ನು ಒಂದು ಮಾತೂ ಕೇಳದೆ ಹೊರಗೆ ನಡೆದಳು. ನಾನು ತಡೆಯಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಹೆಡ್ಮಾಸ್ತರರು ಇಬ್ಬರನ್ನೂ ಮುಂದೆ ಮಾಡಿಕೊಂಡು ಮತ್ತೆ ಬಾಗಿಲಿಗೆ ಬಂದರು.

"ಏನ್ರಿ ಮೇಡಂ ಇದು? ನಾ ಒಯ್ದದ್ದು ಒಬ್ಬಾಕಿನ್ನ. ಅಲ್ಲಿ ನೋಡಿದ್ರ ಇಬ್ರು ಕುಂತಾರ! ಹೋಗು ಅಂದ್ರ ಗೆಳತಿನ್ನ ಬಿಟ್ಟು ಏಳವಲ್ಲಳು ಈಕಿ."

"ಸರ್, ನನ್ನ ಕ್ಲಾಸಿನಾಗ ಎಂಟು ಮಂದಿ ಇದ್ರು, ನೀವು ಒಬ್ಬಾಕಿನ್ನ ಒಯ್ದ್ರಿ," ಎಂದೆ. "ಈಗ ಎಷ್ಟು ಉಳದಾರ, ನೀವs ಎಣಿಸ್ರಿ."

ಅವರು ನಿಜಕ್ಕೂ ಬೆರಳು ಮಾಡಿ ಎಣಿಸಿದರು. ಆರಕ್ಕೆ ಬೆರಳು ನಿಂತಿತು. ಒಮ್ಮೆ ಖಾಲಿ ಜಾಗ ನೋಡಿದರು, ಒಮ್ಮೆ ಮೇಜಿನ ಮೇಲಿನ ಎರಡು ಎತ್ತು ನೋಡಿದರು. ಅವರೂ ಒಕ್ಕಲುತನದ ಮನೆಯವರೇ. ಮೀಸೆಯಡಿ ನಗು ಬಂತು, ಅದನ್ನು ಅಡಗಿಸಲು ಕೆಮ್ಮಿದರು.

"ಆತು, ಇಲ್ಲೇ ಕುಂದ್ರಲಿ ಬಿಡ್ರಿ," ಎಂದು ಹೋದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಹುಡುಗಿ ಒಳಗೆ ಬಂದವಳು ತನ್ನ ಜಾಗಕ್ಕೆ ಹೋಗಲಿಲ್ಲ. ಸೀದಾ ಮೇಜಿಗೆ ಬಂದು, ಎರಡೂ ಎತ್ತುಗಳನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿ ಒಂದರ ಪಕ್ಕ ಒಂದು ನಿಲ್ಲಿಸಿದಳು.

"ಈಗ ಎಂಟು ಅದಾವ್ರಿ ಟೀಚರ್," ಎಂದಳು. ಹಾಗೆ ಹೇಳಿ, ಆಗ ಅತ್ತಳು.