ನೀರುಚಿಗಟಗಳ ಮೇಲೊಂದು ಕಣ್ಣು

ತೊಟ್ಟಿ ಬಿರುಕು ಬಿಡಬಹುದಿತ್ತು. ಕರೆಂಟು ಹೋಗಿ ಗಾಳಿ ಊದುವ ಮೋಟಾರು ನಿಲ್ಲಬಹುದಿತ್ತು. ಮಿಂಚುಳ್ಳಿ ಬರಬಹುದಿತ್ತು, ನೀರುಹಾವು ಬರಬಹುದಿತ್ತು, ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬರಬಹುದಿತ್ತು. ಇವೆಲ್ಲಕ್ಕಿಂತ ನನಗೆ ಅನುಮಾನ ಇದ್ದದ್ದು ಮೀನುಮರಿಗಳ ಊಟದ ಮೇಲೆ.

ರೇಷ್ಮೆಗೆ ಒಳ್ಳೆ ಬೆಲೆ ಬಂದಿದ್ದ ಕಾಲ. ಹೊಂಗನೂರಿನಲ್ಲಿ ನಡುಮನೆ ಇದ್ದವರೆಲ್ಲ ಹುಳು ಸಾಕುತ್ತಿದ್ದರು, ನನ್ನ ಹೆಂಡತಿಯೂ. ನಾನೊಬ್ಬ ಹಿತ್ತಲ ಸಿಮೆಂಟ್ ತೊಟ್ಟಿಯಲ್ಲಿ ಗೆಂಡೆ ಮೀನಿನ ಮರಿ ಬಿಟ್ಟಿದ್ದೆ. ಎರಡು ಕಣ್ಣು ಬಿಟ್ಟರೆ ಮಿಕ್ಕಿದ್ದೆಲ್ಲ ಗಾಜು, ಅಷ್ಟು ಎಳೆಯವು.

"ಇವು ಸತ್ವು ಅಂದ್ರೆ ತೊಟ್ಟಿ ನಂದು ಕಣ್ರೀ, ಹುಳದ ಸೊಪ್ಪು ತುಂಬ್ಕತೀನಿ" ಅಂತ ಹೆಂಡತಿ ಮೊದಲೇ ಹೇಳಿದ್ದಳು.

ಮರಿ ಮಾರಿದವನು ಹೋಗುವಾಗ ಒಂದು ಮಾತು ಹೇಳಿ ಹೋಗಿದ್ದ. ಎಳೆ ಮರಿಗೆ ಜೀವ ಇರುವ ಆಹಾರವೇ ಬೇಕು, ನಿಂತ ನೀರಲ್ಲಿ ಕುಪ್ಪಳಿಸಿ ಈಜುವ ಸಣ್ಣ ಹುಳ ಇರ್ತವಲ್ಲ, ಆ ನೀರುಚಿಗಟ ಹಾಕಿ. ಆದರೆ ಬೇರೆ ಮೀನಿರುವ ಕಡೆಯಿಂದ ತರಬೇಡಿ, ಅಲ್ಲಿನ ವೈರಸ್ಸು ಚಿಗಟದ ಜೊತೆ ಬಂದು ಮರಿಗೆ ಅಂಟುತ್ತೆ. ಅವನೇನೋ ಬಸ್ಸು ಹತ್ತಿದ. ನನ್ನ ನಿದ್ದೆಯೂ ಅವನ ಜೊತೆಗೇ ಹೋಯಿತು.

ಕೊನೆಗೆ, ಕುರಿ ಸಾಕುವ ನೆರೆಯವನ ನೀರಿನ ಬಾನಿಯಲ್ಲಿ ಚಿಗಟ ಕಂಡೆ.

"ಇದ್ರಲ್ಲಿ ಯಾವತ್ತಾದ್ರೂ ಮೀನು ಬುಟ್ಟಿದ್ದೇನ್ಲಾ?"

"ಇಲ್ಲ ಕಣ್ಲಾ."

"ಕೆರೆ ನೀರು ತುಂಬುಸ್ತೀಯಾ?"

"ಬಾವಿ ನೀರು."

"ಕೊಕ್ಕರೆ ಬಂದು ಕೂತ್ಕತದಾ?"

"ಲೇ, ನನ್ ಕುರಿ ಕೆಮ್ಮುದ್ರೆ ನಿನ್ ಮೀನ್ಗೆ ನೆಗಡಿ ಬಂದ್ಬುಡ್ತದಾ? ತಕ್ಕೊಂಡೋಗ್ಲಾ ಸುಮ್ನೆ!"

ಸೋಸಿಕೊಂಡು ತಂದೆ. ಆದರೂ ನೇರ ತೊಟ್ಟಿಗೆ ಸುರಿಯುವ ಧೈರ್ಯ ಬರಲಿಲ್ಲ. ಒಂದು ದಿನ ಕಾವಲಲ್ಲಿಡೋಣ ಅಂತ ಬೋಗುಣಿಗೆ ಹಾಕಿ, ತಣ್ಣಗಿರಲಿ ಎಂದು ಹೆಂಡತಿಯ ಹುಳು ಮನೆಯಾಗಿದ್ದ ನಡುಮನೆಯ ಬಾಗಿಲ ಪಕ್ಕ ಇಟ್ಟೆ. ವೈರಸ್ಸು ಕಣ್ಣಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಚಿಗಟ ಒಸಿ ಮಂಕಾಗಿ ಕಂಡಿತು.

ಬೆಳಿಗ್ಗೆ ನೋಡಿದರೆ ಅಷ್ಟೂ ಬೆಳ್ಳಗಾಗಿ ತಳಕ್ಕೆ ಕೂತಿದ್ದವು.

"ನಾನು ಹೇಳ್ಲಿಲ್ವಾ? ರೋಗ! ಇದನ್ನೇ ಮರಿಗಳಿಗೆ ಹಾಕಿದ್ದಿದ್ರೆ?" ಅಂತ ಕೂಗಿದೆ.

ಹೆಂಡತಿ ಹುಳು ಮನೆಯಿಂದ ತಲೆ ಹೊರಗೆ ಹಾಕಿದಳು. "ಯಾವ್ ರೋಗಾರೀ? ಬ್ಲೀಚಿಂಗ್ ಪುಡಿ ಉದುರ್ಸಿದ್ದು ನಾನು. ಊಜಿ ನೊಣದ ಮರಿ ಅನ್ಕಂಡೆ. ಹುಳ ನಾಲ್ಕನೇ ಜ್ವರ ಎದ್ದು ಪೊರೆ ಬುಟ್ಟವೆ, ಇನ್ನೇನು ಗೂಡು ಕಟ್ಟೋವು, ಬಾಗ್ಲಲ್ಲಿ ಮಿಜಿಗುಟ್ಟೋದ್ನ ತಂದು ಮಡಗುದ್ರೆ ಸುಮ್ನೆ ಬುಟ್ಟೇನಾ?"

ಬಿಡುವವಳಲ್ಲ. ಊಜಿ ನೊಣ ರೇಷ್ಮೆ ಹುಳದ ಮೈಮೇಲೇ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. ನಮ್ಮ ಕಡೆ ಗಂಡನೂ ಬ್ಲೀಚಿಂಗ್ ನೀರಲ್ಲಿ ಕೈಕಾಲು ಅದ್ದದೆ ಆ ಹೊಸ್ತಿಲು ದಾಟುವಂತಿಲ್ಲ. ಅನುಮಾನ ಪಡುವವನು ಮನೆಯಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ.

ಹೊಸ ಚಿಗಟ ಸೋಸಿ ತರುವವರೆಗೆ ಕಾಯುವಂತಿರಲಿಲ್ಲ, ಮರಿಗಳು ಹಸಿದು ತೊಟ್ಟಿಯ ಗೋಡೆ ಮೂಸುತ್ತಿದ್ದವು. ಬೆಂದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದೆ. ತಿಂದವು. ಆ ಸಲ ಬೆರಳುದ್ದ ಬೆಳೆದವು, ತೊಟ್ಟಿಯೂ ನನ್ನದಾಗೇ ಉಳಿಯಿತು. ಕೆಟ್ಟದ್ದು ಅಂತ ಆಗಿದ್ದು ಇಷ್ಟೇ: ಅವತ್ತು ತಿಂಡಿಗೆ ನನ್ನ ಪಾಲಿಗೆ ಬರೀ ಮೊಟ್ಟೆಯ ಬಿಳಿ ಉಳಿಯಿತು.